ಆಂಪ್ ಮುಂದೆ ಕೇಳಿದ ಇಂಪು ರೆಕಾರ್ಡಿಂಗಿನಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಹತ್ತಿರ 22 ವಾಟ್‌ನ ಟ್ಯೂಬ್ ಆಂಪ್ (ಗಿಟಾರಿನ ದನಿಯನ್ನು ಟ್ಯೂಬ್‌ಗಳಿಂದ ಹಿಗ್ಗಿಸುವ ಆಂಪ್ಲಿಫೈಯರ್) ಇದೆ. ಫೆಂಡರ್ ಕಂಪನಿಯ ಡಿಲಕ್ಸ್ ರಿವರ್ಬ್ ಮಾದರಿಯದು, ಒಂದೇ 12 ಇಂಚಿನ ಸ್ಪೀಕರ್. ಗಿಟಾರಿಗೆ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅಲುಗಾಟ ಹಿಡಿಯುವ ಒಂಟಿ ಸುರುಳಿ). ಕೋಣೆಯಲ್ಲಿ ನಿಂತು ನುಡಿಸಿದರೆ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. ಎಸ್‌ಎಂ57 ಮೈಕನ್ನು ಆಂಪಿನ ಮುಂದಿನ ಬಟ್ಟೆಗೆ ತಾಗಿಸಿ ರೆಕಾರ್ಡ್ ಮಾಡಿದರೆ ಒಂದು ದಿನ ಕಿವಿಗೆ ಚುಚ್ಚುತ್ತದೆ, ಇನ್ನೊಂದು ದಿನ ಬಾಯಿ ಮುಚ್ಚಿಕೊಂಡು ಮಾತಾಡಿದ ಹಾಗಿರುತ್ತದೆ. ವಾಲ್ಯೂಮ್ ಏರಿಸಿದರೆ ದನಿ ಒಡೆಯುತ್ತದೆ, ಇಳಿಸಿದರೆ ಜೀವವೇ ಇಲ್ಲ. ಒಳ್ಳೆಯ ಮೈಕ್ ಕೊಳ್ಳಬೇಕೋ, ಇಲ್ಲ ಇದನ್ನು ಮಾರಿ ಫೆಂಡರಿನದೇ ದೊಡ್ಡ ಆಂಪ್ ಟ್ವಿನ್ ರಿವರ್ಬ್ ತರಬೇಕೋ?

ಉತ್ತರ: ಎರಡೂ ಬೇಡ. ಸದ್ಯಕ್ಕಂತೂ ಬೇಡ. ನಿಮ್ಮ ಮೈಕ್ ಚೆನ್ನಾಗಿಯೇ ಇದೆ, ಆಂಪ್ ಕೂಡ. ನಿಮ್ಮ ಕಿವಿ ಇರುವ ಜಾಗ ಒಂದು, ಮೈಕ್ ಇರುವ ಜಾಗ ಇನ್ನೊಂದು. ಅರ್ಧ ತೊಂದರೆ ಅಲ್ಲೇ ಇದೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಆಂಪ್ ನೆಲದ ಮೇಲೆ ಇಟ್ಟಿದ್ದೀರಿ ಅಲ್ವಾ? ಗಿಟಾರನ್ನು ಬೇರೆ ಯಾರ ಕೈಗಾದರೂ ಕೊಡಿ. ವಾಲ್ಯೂಮ್ ಚೆನ್ನಾಗಿ ಇಳಿಸಿ, ಇಲ್ಲದಿದ್ದರೆ ಕಿವಿಗೆ ಪೆಟ್ಟು. ಈಗ ಮಂಡಿಯೂರಿ ಕುಳಿತು, ತಲೆಯನ್ನು ಸ್ಪೀಕರಿನ ಎತ್ತರಕ್ಕೆ ತಂದು, ನೇರ ಎದುರಿನಿಂದ ಕೇಳಿ. ನೀವು ನಿಂತಾಗ ಕೇಳಿದ ಇಂಪು ಅಲ್ಲಿರುವುದಿಲ್ಲ. ಸೂಜಿಯಂಥ ಟ್ರೆಬಲ್, ಅಂದರೆ ಮೇಲಿನ ಸ್ವರಗಳು, ಬಂದು ಹಣೆಗೆ ಹೊಡೆಯುತ್ತವೆ. ಮೈಕ್ ದಿನಾ ಕೇಳುತ್ತಿರುವುದು ಇದನ್ನೇ.

ಕಾರಣ ಸರಳ. 12 ಇಂಚಿನ ಸ್ಪೀಕರಿನಿಂದ ಬರುವ ತಗ್ಗಿನ ಸ್ವರಗಳು ಕೋಣೆಯೆಲ್ಲ ಹರಡುತ್ತವೆ. ಸುಮಾರು 1,000 ಹರ್ಟ್ಸ್ ದಾಟಿದ ಮೇಲೆ ದನಿಯ ಹರಹು ಕಿರಿದಾಗುತ್ತಾ ಹೋಗುತ್ತದೆ. 3,000-4,000 ಹರ್ಟ್ಸ್ ಬರುವ ಹೊತ್ತಿಗೆ ಅದು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಮಾತ್ರ ಹೋಗುತ್ತದೆ. ಆಂಪ್ ನಿಮ್ಮ ಮಂಡಿಯ ಕೆಳಗಿದೆ, ಕಿವಿ ಐದಡಿ ಮೇಲಿದೆ. ಆ ಟಾರ್ಚು ನಿಮ್ಮ ಕಾಲಿಗೆ ಬೀಳುತ್ತಿದೆ. ಟ್ರೆಬಲ್ ಸಾಲದು ಅನ್ನಿಸಿ ಗುಂಡಿಯನ್ನು 7ಕ್ಕೆ ತಿರುಗಿಸುತ್ತೀರಿ. ನಿಂತ ಕಿವಿಗೆ ಹಿತ, ಸ್ಪೀಕರಿಗೆ ಅಂಟಿಕೊಂಡ ಮೈಕಿಗೆ ಅಹಿತ.

ಹಾಗಾಗಿ ಮೊದಲ ಕೆಲಸ, ಆಂಪನ್ನು ಒಂದು ಗಟ್ಟಿ ಕುರ್ಚಿಯ ಮೇಲೆ ಇಡಿ. ಅಥವಾ ಹಿಂದಕ್ಕೆ ವಾಲಿಸಿ, ಸ್ಪೀಕರ್ ನಿಮ್ಮ ಮುಖ ನೋಡುವ ಹಾಗೆ ಮಾಡಿ. ಆಮೇಲೆ ಟೋನ್ ಗುಂಡಿಗಳನ್ನು ಹೊಸದಾಗಿ ಹೊಂದಿಸಿ. ನಿಮ್ಮ ಟ್ರೆಬಲ್ ತಾನಾಗಿಯೇ ಎರಡು ಅಂಕಿ ಕೆಳಗೆ ಬರುತ್ತದೆ. ಕುರ್ಚಿಯಿಂದ ಇನ್ನೊಂದು ಲಾಭವೂ ಇದೆ. ನೆಲಕ್ಕೆ ತಾಗಿ ನಿಂತ ಆಂಪಿಗೆ ನೆಲದಿಂದ ಬಿಟ್ಟಿ ಬೇಸ್ ಸಿಗುತ್ತದೆ. ಎತ್ತರಕ್ಕೆ ಏರಿಸಿದರೆ ಅದು ಕಡಿಮೆಯಾಗಿ, ಆಂಪಿನ ನಿಜವಾದ ದನಿ ಗೊತ್ತಾಗುತ್ತದೆ.

ಇನ್ನು ನಿಮ್ಮ ಎರಡನೆಯ ದೂರು: ಏರಿಸಿದರೆ ಒಡೆಯುತ್ತದೆ, ಇಳಿಸಿದರೆ ಜೀವ ಇಲ್ಲ. ನನ್ನ ಪ್ರಕಾರ ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ಟ್ಯೂಬ್ ಆಂಪಿನ ಒಳ್ಳೆಯ ಕ್ಲೀನ್ ಟೋನ್, ಅಂದರೆ ಒಡೆಯದ ದನಿ, ಪೂರ್ತಿ ಕ್ಲೀನ್ ಅಲ್ಲ. ತಂತಿ ಮೀಟಿದ ಕ್ಷಣದಲ್ಲಿ ಏಳುವ ಅಲೆ ತುಂಬಾ ಎತ್ತರ, ಆಮೇಲೆ ಉಳಿಯುವ ನಾದ ಅದಕ್ಕಿಂತ ಎಷ್ಟೋ ತಗ್ಗು. ಟ್ಯೂಬ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಈ ಮೂರೂ ಆ ಎತ್ತರದ ತುದಿಯನ್ನು ಸ್ವಲ್ಪ ಸ್ವಲ್ಪ ಒತ್ತಿ ಮೆದು ಮಾಡುತ್ತವೆ. ನಿಮ್ಮ ಮಾದರಿಯ ಆಂಪಿನಲ್ಲಿ ಜಿಝಡ್34 ಎಂಬ ರೆಕ್ಟಿಫೈಯರ್ ಟ್ಯೂಬ್ (ಎಸಿ ವಿದ್ಯುತ್ತನ್ನು ಡಿಸಿ ಮಾಡುವುದು) ಇರುತ್ತದೆ. ಜೋರಾಗಿ ಮೀಟಿದಾಗ ಅದು ಕೊಡುವ ವೋಲ್ಟೇಜ್ ಒಂದು ಗಳಿಗೆ ಕುಸಿದು ಮತ್ತೆ ಏಳುತ್ತದೆ. ದನಿ ಬೆರಳ ಕೆಳಗೆ ಬಾಗಿದ ಹಾಗೆ ಅನ್ನಿಸುವುದು ಅದರಿಂದ. ಟ್ವಿನ್ ರಿವರ್ಬ್‌ನಲ್ಲಿ ಆ ಜಾಗದಲ್ಲಿ ಡಯೋಡ್‌ಗಳಿವೆ. ಅದಕ್ಕೇ ಅದರ ದನಿ ಬಿಗಿ, ನೆಟ್ಟಗೆ. ಬಾಗುವುದು ಕಡಿಮೆ.

ವಾಲ್ಯೂಮ್ ತೀರಾ ಇಳಿಸಿದಾಗ ಇದ್ಯಾವುದೂ ನಡೆಯುವುದಿಲ್ಲ. ಆಂಪ್ ಸುಮ್ನೆ ನಿದ್ದೆ ಮಾಡುತ್ತಿರುತ್ತದೆ. ರೋಲ್ಯಾಂಡ್ ಜೆಸಿ-120 ಥರದ ಟ್ರಾನ್ಸಿಸ್ಟರ್ ಆಂಪಿನ ಕ್ಲೀನ್ ಸೊಗಸೇ ಬೇರೆ. ಅದು ಪೂರ್ತಿ ಶುಭ್ರ, ತಗ್ಗಿದ ವಾಲ್ಯೂಮಿನಲ್ಲೂ ಅಷ್ಟೇ ಶುಭ್ರ. ಅದು ಬೇಕಿದ್ದರೆ ಅದನ್ನೇ ಬಳಸಬಹುದು, ತಪ್ಪಿಲ್ಲ. ಟ್ಯೂಬ್ ಬೇಕು ಅಂದರೆ ಅದನ್ನು ಎಬ್ಬಿಸಲೇಬೇಕು.

ಹೊಂದಿಸುವ ಬಗೆ ಹೀಗೆ. ಆಂಪನ್ನು 20 ನಿಮಿಷ ಬಿಸಿಯಾಗಲು ಬಿಡಿ. ಹಾಡಿನಲ್ಲಿ ನೀವು ಎಲ್ಲಕ್ಕಿಂತ ಜೋರಾಗಿ ನುಡಿಸುವ ಭಾಗ ಯಾವುದೋ ಅದನ್ನೇ ನುಡಿಸುತ್ತಾ ವಾಲ್ಯೂಮ್ ಏರಿಸಿ. ಕಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಒರಟು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಹಿಂದೆ ಬನ್ನಿ. ಸಿಂಗಲ್ ಕಾಯಿಲ್ ಗಿಟಾರಿಗೆ ನಿಮ್ಮಂಥ ಆಂಪಿನಲ್ಲಿ ಆ ಜಾಗ ಸಾಮಾನ್ಯವಾಗಿ 3-4ರ ನಡುವೆ ಸಿಗುತ್ತದೆ. ಎರಡು ಸುರುಳಿಯ ಹಂಬಕರ್ ಪಿಕಪ್ ಆದರೆ ಇನ್ನೂ ಕೆಳಗೆ. ಒಬ್ಬರೇ ನುಡಿಸಿ ಕೇಳುವಾಗ ಇದು ಕ್ಲೀನ್ ಅಲ್ಲವೇನೋ ಎಂಬ ಅನುಮಾನ ಬರಬಹುದು. ಡ್ರಮ್ಸ್, ಬೇಸ್ ಗಿಟಾರ್ ಸೇರಿದ ಮೇಲೆ ಆ ಒರಟು ಯಾರಿಗೂ ಕೇಳಿಸುವುದಿಲ್ಲ, ದನಿ ಮಾತ್ರ ತುಂಬಿಕೊಂಡು ಕೇಳುತ್ತದೆ.

ಇಳಿಸಿದಾಗ ದನಿ ತೆಳ್ಳಗಾಗುವುದಕ್ಕೆ ಇನ್ನೊಂದು ಗುಟ್ಟಿನ ಕಾರಣ ಇದೆ. ಡಿಲಕ್ಸ್ ರಿವರ್ಬ್‌ನ ವೈಬ್ರಾಟೋ ಚಾನೆಲಿನಲ್ಲಿ ವಾಲ್ಯೂಮ್ ಗುಂಡಿಗೆ 47 ಪಿಕೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್ ಬೆಸೆದಿರುತ್ತಾರೆ. ವಾಲ್ಯೂಮ್ ಕಡಿಮೆ ಇದ್ದಾಗ ಅದು ಟ್ರೆಬಲನ್ನು ಮಾತ್ರ ಪಕ್ಕದ ದಾರಿಯಿಂದ ಒಳಗೆ ಬಿಡುತ್ತದೆ. ವಾಲ್ಯೂಮ್ ಏರಿದಂತೆ ಅದರ ಪ್ರಭಾವ ಇಳಿಯುತ್ತದೆ. ಅಂದರೆ 2ರಲ್ಲಿ ಇಟ್ಟಾಗ ದನಿ ಚೂಪು, 5ರಲ್ಲಿ ದುಂಡು. ಟ್ವಿನ್‌ನಲ್ಲಿ ಇದಕ್ಕೆ ಬ್ರೈಟ್ ಸ್ವಿಚ್ ಇದೆ, ಬೇಡದಿದ್ದರೆ ಆರಿಸಬಹುದು. ಡಿಲಕ್ಸ್‌ನಲ್ಲಿ ಸ್ವಿಚ್ ಇಲ್ಲ. ಆದರೆ ಅದರ ನಾರ್ಮಲ್ ಚಾನೆಲಿನಲ್ಲಿ ಈ ಕೆಪಾಸಿಟರೇ ಇಲ್ಲ! ಆ ತೂತಿಗೆ ಕೇಬಲ್ ಚುಚ್ಚಿ ನೋಡಿ. ಆಂಪಿನ ರಿವರ್ಬ್, ಅಂದರೆ ಮಾರ್ದನಿ, ಸಿಗುವುದಿಲ್ಲ, ಅದನ್ನು ಆಮೇಲೆ ಸೇರಿಸಿಕೊಳ್ಳಬಹುದು. ಎಷ್ಟೋ ಜನ ಆ ಚಾನೆಲನ್ನು ವರ್ಷಗಟ್ಟಲೆ ಮುಟ್ಟಿಯೇ ಇರುವುದಿಲ್ಲ.

(ಅಂದ ಹಾಗೆ, ವೈಬ್ರಾಟೋ ಎಂಬ ಹೆಸರೇ ತಪ್ಪು. ಆ ಚಾನೆಲಿನಲ್ಲಿ ಏರಿಳಿಯುವುದು ದನಿಯ ಗಟ್ಟಿತನ, ಸ್ವರವಲ್ಲ. ಅದು ಟ್ರೆಮೊಲೋ. ಅದೇ ಫೆಂಡರ್ ಕಂಪನಿಯವರು ಗಿಟಾರಿನಲ್ಲಿ ಸ್ವರ ಬಾಗಿಸುವ ಕಡ್ಡಿಗೆ ಟ್ರೆಮೊಲೋ ಅಂದರು. ಅದೂ ತಲೆಕೆಳಗು. ಈಗ ಹೇಳಿ ಪ್ರಯೋಜನವಿಲ್ಲ, ಹೆಸರು ಅಂಟಿಬಿಟ್ಟಿದೆ.)

ಟ್ವಿನ್ ವಿಚಾರಕ್ಕೆ ಬರೋಣ. ಅದು 85 ವಾಟ್, ನಿಮ್ಮದು 22. ಅಂಕಿ ಕೇಳಿದರೆ ನಾಲ್ಕು ಪಟ್ಟು ಅನ್ನಿಸುತ್ತದೆ. ಆದರೆ ಕಿವಿ ವಾಟ್ ಲೆಕ್ಕ ಹಾಕುವುದಿಲ್ಲ. ಪವರ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬೆಲ್. ನಾಲ್ಕು ಪಟ್ಟಿಗೆ 6 ಡೆಸಿಬೆಲ್, ಅಷ್ಟೇ. ದನಿ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚು ಕಡಿಮೆ 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಪವರ್ ಬೇಕು. ಈಗ ಸ್ಪೀಕರ್ ನೋಡಿ. 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಒಂದು ಸ್ಪೀಕರ್ 97 ಡೆಸಿಬೆಲ್ ಕೊಡುತ್ತದೆ, ಇನ್ನೊಂದು 100 ಕೊಡುತ್ತದೆ. ಆ 3 ಡೆಸಿಬೆಲ್ ಅಂದರೆ ಆಂಪಿನ ಪವರ್ ಎರಡು ಪಟ್ಟು ಮಾಡಿದ್ದಕ್ಕೆ ಸಮ. ವೇದಿಕೆಯ ಮೇಲೆ ಡ್ರಮ್ಸ್ ಎದುರು ನಿಲ್ಲಬೇಕಾದಾಗ ಇಂಥ ಸ್ಪೀಕರ್ ಬದಲಾವಣೆ ದೊಡ್ಡ ಉಪಕಾರ. ಅದು ನಿಮ್ಮ ಆಂಪಿಗೆ ಹೊಂದುವ ಓಮ್‌ನದೇ ಆಗಿರಬೇಕು, ಸಾಮಾನ್ಯವಾಗಿ 8.

ಸ್ಟುಡಿಯೋದಲ್ಲಿ ಇದರ ಅಗತ್ಯವೇ ಇಲ್ಲ. ಮೈಕ್ ಅರ್ಧ ಅಡಿ ದೂರದಲ್ಲಿದೆ, ಯಾರ ಎದುರೂ ಕೂಗಬೇಕಾಗಿಲ್ಲ. ಟ್ವಿನ್ ತಂದು 2ರಲ್ಲಿ ಇಟ್ಟರೆ ಮತ್ತೆ ನಿದ್ದೆ ಮಾಡುವ ಆಂಪ್, ಈ ಸಲ ಇನ್ನೂ ದೊಡ್ಡದು. ಚಿಕ್ಕ ಆಂಪನ್ನು ಅದರ ಇಷ್ಟದ ಜಾಗದಲ್ಲಿ ದುಡಿಸುವುದೇ ರೆಕಾರ್ಡಿಂಗಿಗೆ ಸುಲಭ.

ಒಡೆಯುವುದಕ್ಕೆ ಮೊದಲು ಇನ್ನಷ್ಟು ಜಾಗ ಬೇಕು ಅಂದರೆ ಮೂರು ದಾರಿ. ಎಲ್ಲಕ್ಕಿಂತ ಸುಲಭದ್ದು ಬೇಸ್ ಗುಂಡಿ. ತಗ್ಗಿನ ಸ್ವರಗಳೇ ಆಂಪಿನ ಶಕ್ತಿಯನ್ನು ಜಾಸ್ತಿ ನುಂಗುವುದು. 5ರಲ್ಲಿದ್ದ ಬೇಸ್ ಅನ್ನು 2ಕ್ಕೆ ಇಳಿಸಿ, ಈಗ ವಾಲ್ಯೂಮ್ ಏರಿಸಿ. ಒಡೆಯುವ ಜಾಗ ಮುಂದಕ್ಕೆ ಸರಿದಿರುತ್ತದೆ. ಕಳೆದ ಬೇಸ್ ಮೈಕಿನ ಹತ್ತಿರ ಮತ್ತೆ ಸಿಗುತ್ತದೆ, ಹೇಗೆಂದು ಹೇಳುತ್ತೇನೆ. ಎರಡನೆಯದು ಗಿಟಾರಿನ ವಾಲ್ಯೂಮನ್ನು 8ಕ್ಕೆ ತರುವುದು. ಟ್ರೆಬಲ್ ಚೂರು ಇಳಿಯುತ್ತದೆ, ನಿಮಗೆ ಅದೂ ಬೇಕಾದದ್ದೇ. ಮೂರನೆಯದು ಟ್ಯೂಬ್ ಬದಲಾಯಿಸುವುದು. ಪ್ರೀ-ಆಂಪಿನ (ಗಿಟಾರಿನ ಸಿಗ್ನಲನ್ನು ಮೊದಲು ಹಿಗ್ಗಿಸುವ ಭಾಗದ) ಮೊದಲ ಜಾಗದಲ್ಲಿ ಇರುವುದು 12ಎಎಕ್ಸ್7. ಅದರ ವರ್ಧನೆ 100. ಅದೇ ಜಾಗದಲ್ಲಿ ಕೂರುವ 5751ರದ್ದು 70, 12ಎವೈ7ರದ್ದು ಸುಮಾರು 45. ಆಂಪ್ ಆರಿಸಿ, ಪ್ಲಗ್ ಕಿತ್ತು, ಟ್ಯೂಬ್ ತಣ್ಣಗಾದ ಮೇಲೆ ಹಿಂದಿನಿಂದ ಎಳೆದು ಬದಲಾಯಿಸಿದರೆ ಆಯಿತು. ನೀವು ಬಳಸುವ ಚಾನೆಲಿನ ಟ್ಯೂಬ್ ಯಾವುದು ಎಂದು ನೋಡಿಕೊಳ್ಳಿ. ಡಿಲಕ್ಸ್‌ನಲ್ಲಿ ಮೊದಲನೆಯದು ನಾರ್ಮಲ್ ಚಾನೆಲಿಗೆ, ಎರಡನೆಯದು ವೈಬ್ರಾಟೋಗೆ.

ಪವರ್ ಟ್ಯೂಬ್‌ಗಳನ್ನು ಮಾತ್ರ ಹೀಗೆ ಸುಮ್ಮನೆ ಬದಲಾಯಿಸಬೇಡಿ. ಅವಕ್ಕೆ ಬಯಾಸ್ (ಸುಮ್ಮನಿದ್ದಾಗ ಟ್ಯೂಬಿನಲ್ಲಿ ಹರಿಯುವ ವಿದ್ಯುತ್ತಿನ ಹದ) ಹೊಂದಿಸಬೇಕು, ಅದಕ್ಕೆ ಷಾಸಿ ಬಿಚ್ಚಬೇಕು. ಒಳಗೆ 400 ವೋಲ್ಟ್ ಸುತ್ತಮುತ್ತ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಜೀವ ತೆಗೆಯುವಷ್ಟು. ಬಲ್ಲವರ ಕೈಗೇ ಕೊಡಿ.

ಟೋನ್ ಗುಂಡಿಗಳ ಬಗ್ಗೆ ಒಂದು ಮಾತು. ಎಲ್ಲವನ್ನೂ 5ರಲ್ಲಿ ಇಟ್ಟರೆ ಸಮತಟ್ಟು ಎಂದು ತಿಳಿಯಬೇಡಿ. 60ರ ದಶಕದ ಫೆಂಡರ್ ವಿನ್ಯಾಸದಲ್ಲಿ ಸುಮಾರು 400-500 ಹರ್ಟ್ಸ್ ಸುತ್ತ ಒಂದು ಹಳ್ಳ ಯಾವಾಗಲೂ ಇರುತ್ತದೆ. ಬೇಸ್, ಟ್ರೆಬಲ್ ಎರಡನ್ನೂ ಏರಿಸಿದಷ್ಟೂ ಆ ಹಳ್ಳ ಆಳವಾಗುತ್ತದೆ. ಟ್ವಿನ್‌ನಲ್ಲಿ ಮಿಡ್ (ನಡುಸ್ವರಗಳ) ಗುಂಡಿ ಇದೆ. ಡಿಲಕ್ಸ್‌ನಲ್ಲಿ ಅದರ ಜಾಗದಲ್ಲಿ ಒಂದು ರೆಸಿಸ್ಟರ್ ಹಾಕಿ ಬಿಟ್ಟಿದ್ದಾರೆ. ಹಾಗಾಗಿ ನಿಮಗೆ ಮಿಡ್ ಬೇಕೆಂದರೆ ಉಳಿದ ಎರಡನ್ನು ಇಳಿಸುವುದೇ ಉಪಾಯ. ಬೇಸ್ 2, ಟ್ರೆಬಲ್ 4 ಇಟ್ಟು, ಕಡಿಮೆಯಾದ ದನಿಯನ್ನು ವಾಲ್ಯೂಮಿನಿಂದ ತುಂಬಿಕೊಳ್ಳಿ. ಒಂಟಿಯಾಗಿ ಕೇಳಿದರೆ ಸಾದಾ ಅನ್ನಿಸುತ್ತದೆ. ಹಾಡಿನೊಳಗೆ ಹೋದಾಗ ಗಿಟಾರಿಗೆ ಕೂರಲು ಜಾಗ ಸಿಗುವುದು ಈ ಮಿಡ್‌ನಲ್ಲೇ. ವಾಕ್ಸ್ ಎಸಿ30 ಥರದ ಆಂಪಾದರೆ ಲೆಕ್ಕ ಬೇರೆ. ಅದರಲ್ಲಿ ನಾಲ್ಕು ಇಎಲ್84 ಟ್ಯೂಬ್, ನೆಗೆಟಿವ್ ಫೀಡ್‌ಬ್ಯಾಕ್ (ಹೊರಬರುವ ಸಿಗ್ನಲಿನ ಒಂದು ಪಾಲನ್ನು ತಿರುಗಿಸಿ ಒಳಗೆ ಕೊಟ್ಟು ಹದ ಮಾಡುವ ಏರ್ಪಾಡು) ಇಲ್ಲ. ಕ್ಲೀನ್‌ನಿಂದ ಒಡೆಯುವವರೆಗಿನ ದಾರಿ ಇಳಿಜಾರು, ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ.

ಮೈಕಿಗೆ ಹೋಗುವ ಮೊದಲು ಗಿಟಾರ್ ನೋಡಿ. ಒಮ್ಮೆ ನಾನು ಅರ್ಧ ದಿನ ಮೈಕ್ ಬದಲಾಯಿಸಿದ್ದೇನೆ, ಸ್ಪೀಕರ್ ಬದಲಾಯಿಸಿದ್ದೇನೆ, ಆಂಪನ್ನು ಮೂಲೆಯಿಂದ ಮೂಲೆಗೆ ಹೊತ್ತಿದ್ದೇನೆ. ದನಿ ಮಂಕು, ಏನು ಮಾಡಿದರೂ ಮಂಕು. ಕೊನೆಗೆ ನುಡಿಸುತ್ತಿದ್ದ ಹುಡುಗ ತಲೆ ಕೆರೆದುಕೊಂಡು, ತಂತಿ ಹಾಕಿ ಆರು ತಿಂಗಳಾಯಿತು ಅಂದ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಅಂದಿನಿಂದ ಕ್ಲೀನ್ ಗಿಟಾರ್ ಇದ್ದರೆ ಹಿಂದಿನ ದಿನವೇ ಹೊಸ ತಂತಿ ಹಾಕಿಸುತ್ತೇನೆ. ಅದೇ ದಿನ ಹಾಕಿದರೆ ಶ್ರುತಿ ನಿಲ್ಲುವುದಿಲ್ಲ, ಚೂಪೂ ಜಾಸ್ತಿ.

ಡಿಸ್ಟಾರ್ಷನ್ (ಬೇಕೆಂದೇ ಒಡೆದ ದನಿ) ಇದ್ದಾಗ ಮುಚ್ಚಿಹೋಗುವ ತಪ್ಪುಗಳೆಲ್ಲ ಕ್ಲೀನ್ ಟೋನಿನಲ್ಲಿ ಬೆತ್ತಲಾಗುತ್ತವೆ. ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿ ಬರುವುದು) ಸರಿ ಇಲ್ಲದಿದ್ದರೆ ಮೇಲಿನ ಫ್ರೆಟ್‌ಗಳ ಕಾರ್ಡ್ ಹುಳಿಯಾಗುತ್ತದೆ. ಸಿಂಗಲ್ ಕಾಯಿಲ್ ಪಿಕಪ್ ತಂತಿಗೆ ತೀರಾ ಹತ್ತಿರ ಇದ್ದರೆ ಅದರ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ದಪ್ಪ ತಂತಿಯ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ತೊನೆದಾಡಿದ ಹಾಗೆ, ಒಂದೇ ಸ್ವರದಲ್ಲಿ ಎರಡು ಕೇಳಿದ ಹಾಗೆ ಆಗುತ್ತದೆ. ಪಿಕಪ್ ಸ್ವಲ್ಪ ಕೆಳಗಿಳಿಸಿ. ಸಿಗ್ನಲ್ ಕಡಿಮೆಯಾದರೆ ಆಗಲಿ, ಅದು ಹೆಡ್‌ರೂಮಿಗೂ, ಅಂದರೆ ಒಡೆಯುವ ಮೊದಲು ಸಿಗುವ ಜಾಗಕ್ಕೂ, ಒಳ್ಳೆಯದೇ. ಕೇಬಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಕೇಬಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಉದ್ದ ಆದಷ್ಟೂ ಪಿಕಪ್ಪಿನ ಹೊಳಪು ಕೆಳಗಿಳಿಯುತ್ತದೆ. ಮಂಕಿದ್ದರೆ 3 ಮೀಟರ್, ಚುಚ್ಚುತ್ತಿದ್ದರೆ 6 ಮೀಟರ್ ಹಾಕಿ ನೋಡಿ. ಗುಂಯ್ ಎನ್ನುವ ಹಮ್ ಇದ್ದರೆ ಕುಳಿತಲ್ಲೇ ನಿಧಾನ ತಿರುಗಿ. ಯಾವುದೋ ಒಂದು ದಿಕ್ಕಿನಲ್ಲಿ ಅದು ಅಡಗುತ್ತದೆ. ಅಲ್ಲೇ ಕುಳಿತು ನುಡಿಸಿ.

ಈಗ ಮೈಕ್. ನಾನು ಜಾಸ್ತಿ ಹೊತ್ತು ಕಳೆಯುವುದು ಇಲ್ಲಿ.

ಎಸ್‌ಎಂ57 1965ರಿಂದ ಇದೆ. 5,000-6,000 ಹರ್ಟ್ಸ್ ಸುತ್ತ ಅದರ ದನಿ ಸ್ವಲ್ಪ ಉಬ್ಬಿರುತ್ತದೆ. ಮೂಲದ ಹತ್ತಿರ ಹೋದಷ್ಟೂ ಬೇಸ್ ಏರುತ್ತದೆ, ಇದಕ್ಕೆ ಪ್ರಾಕ್ಸಿಮಿಟಿ ಎಫೆಕ್ಟ್ ಅನ್ನುತ್ತಾರೆ. ಇವೆರಡನ್ನೂ ಸೇರಿಸಿ ನೋಡಿದರೆ ನಿಮ್ಮ ‘ಒಂದು ದಿನ ಚುಚ್ಚು, ಒಂದು ದಿನ ಮಂಕು’ ಎಂಬ ಒಗಟು ಬಿಡಿಸಿಕೊಳ್ಳುತ್ತದೆ. ಮೈಕ್ ಬಟ್ಟೆಗೆ ತಾಗಿದ್ದರಿಂದ ಎರಡೂ ದಿನ ಬೇಸ್ ಜಾಸ್ತಿ. ಒಂದು ದಿನ ಅದು ಸ್ಪೀಕರಿನ ನಡುಮಧ್ಯಕ್ಕೆ ಮುಖ ಮಾಡಿತ್ತು, ಅಲ್ಲಿ ಟ್ರೆಬಲ್ ಎಲ್ಲಕ್ಕಿಂತ ಜಾಸ್ತಿ. ಇನ್ನೊಂದು ದಿನ ಅಂಚಿನ ಕಡೆ ಸರಿದಿತ್ತು, ಅಲ್ಲಿ ಟ್ರೆಬಲ್ ಇಲ್ಲ. ಬಟ್ಟೆಯ ಹಿಂದೆ ಸ್ಪೀಕರ್ ಎಲ್ಲಿದೆ ಎಂದು ನೋಡದೆ ಅಂದಾಜಿನಲ್ಲಿ ಇಟ್ಟಿದ್ದೀರಿ, ಅಲ್ವಾ? ಮೊಬೈಲಿನ ಟಾರ್ಚ್ ಹಾಕಿ ನೋಡಿ, ಕೋನ್ ಕಾಣಿಸುತ್ತದೆ. ನಡುವಿನ ಗುಮ್ಮಟ, ಅಂದರೆ ಡಸ್ಟ್ ಕ್ಯಾಪ್, ಎಲ್ಲಿ ಮುಗಿದು ಕೋನ್ ಶುರುವಾಗುತ್ತದೋ ಆ ಗೆರೆಯ ಎದುರು ಒಂದು ಸಣ್ಣ ಟೇಪ್ ತುಂಡು ಅಂಟಿಸಿ. ಅದೇ ನಿಮ್ಮ ಮೊದಲ ಜಾಗ. ಬಟ್ಟೆಯಿಂದ 8-10 ಸೆಂಟಿಮೀಟರ್ ಹಿಂದೆ, ನೆಟ್ಟಗೆ.

ಅಲ್ಲಿಂದ ಬೆರಳಗಲ ಲೆಕ್ಕದಲ್ಲಿ ಸರಿಸಿ. ಒಂದು ಬೆರಳು ಮಧ್ಯದ ಕಡೆಗೆ ಹೋದರೆ ಹೊಳಪು, ಒಂದು ಬೆರಳು ಹೊರಗೆ ಬಂದರೆ ದುಂಡು. ಹಿಂದೆ ಸರಿದರೆ ಬೇಸ್ ಇಳಿಯುತ್ತದೆ, ಮುಂದೆ ಹೋದರೆ ಏರುತ್ತದೆ. ಆಂಪಿನಲ್ಲಿ ಕಳೆದ ಬೇಸ್ ಇಲ್ಲಿ ಸಿಗುತ್ತದೆ ಎಂದದ್ದು ಇದಕ್ಕೇ. ಇಲ್ಲಿ ಸೇರಿಸಿದ ಬೇಸ್ ಆಂಪಿನ ಶಕ್ತಿಯನ್ನು ತಿನ್ನುವುದಿಲ್ಲ. ಯಾರಾದರೂ ಮೈಕ್ ಸರಿಸುತ್ತಿರಲಿ, ನೀವು ಹೆಡ್‌ಫೋನಿನಲ್ಲಿ ಕೇಳುತ್ತಾ ‘ಅಲ್ಲೇ, ನಿಲ್ಲು’ ಎಂದು ಹೇಳಿ. ಒಬ್ಬರೇ ಇದ್ದರೆ ಒಂದೇ ಸಾಲನ್ನು ನಾಲ್ಕೈದು ಜಾಗಗಳಲ್ಲಿ ರೆಕಾರ್ಡ್ ಮಾಡಿ. ಪ್ರತಿ ಸಲ ಶುರುವಿನಲ್ಲಿ ಮೈಕ್ ಎಲ್ಲಿದೆ ಎಂದು ಬಾಯಲ್ಲಿ ಹೇಳಿ. ಬೇಜಾರಿನ ಕೆಲಸ. ಆದರೆ ಅರ್ಧ ಗಂಟೆಯಲ್ಲಿ ನಿಮ್ಮ ಸ್ಪೀಕರಿನ ನಕ್ಷೆ ನಿಮಗೆ ಬಾಯಿಪಾಠ ಆಗಿರುತ್ತದೆ.

ಈ ಎಲ್ಲದರ ನಂತರವೂ ದನಿ ಗಡುಸು ಅನ್ನಿಸಿದರೆ ಆಗ ತೆಳು ಲೋಹದ ಪಟ್ಟಿಯಿಂದ ದನಿ ಹಿಡಿಯುವ ರಿಬ್ಬನ್ ಮೈಕ್ ಬಗ್ಗೆ ಯೋಚಿಸಿ. ರಾಯರ್ ಆರ್-121 ಥರದ್ದು. ಮೇಲಿನ ಸ್ವರಗಳು ಅದರಲ್ಲಿ ನಯವಾಗಿ ಇಳಿಯುತ್ತವೆ, ಹೊಳೆಯುವ ಕ್ಲೀನ್ ಆಂಪಿಗೆ ಒಳ್ಳೆಯ ಜೋಡಿ. ಅದು ಮುಂದಿನಿಂದ ಎಷ್ಟು ಕೇಳುತ್ತದೋ ಹಿಂದಿನಿಂದಲೂ ಅಷ್ಟೇ ಕೇಳುತ್ತದೆ. ಹಾಗಾಗಿ ಕೋಣೆಯ ಗದ್ದಲವೂ ಒಳಗೆ ಬರುತ್ತದೆ. ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಮೈಕಿಗೆ ಕಳಿಸುವ ವಿದ್ಯುತ್) ಆರಿಸಿಟ್ಟು ಜೋಡಿಸುವ ಅಭ್ಯಾಸ ಇಟ್ಟುಕೊಳ್ಳಿ. ಕೆಟ್ಟ ಕೇಬಲ್ ಸಿಕ್ಕಿದರೆ ಹಳೆಯ ರಿಬ್ಬನ್ ಹರಿದೇಹೋಗಬಹುದು.

ಕಂಡೆನ್ಸರ್ ಮೈಕನ್ನು ಎರಡಡಿ ದೂರ ಇಟ್ಟರೆ ಗಾಳಿ ತುಂಬಿದ ಸೊಗಸಾದ ದನಿ ಸಿಗುತ್ತದೆ, ಕೋಣೆ ಒಳ್ಳೆಯದಿದ್ದರೆ. ಇಲ್ಲೊಂದು ಬಲೆ ಇದೆ. ಆಂಪ್ ನೆಲದ ಮೇಲಿದೆ, ಸ್ಪೀಕರಿನ ನಡು ನೆಲದಿಂದ 25 ಸೆಂಟಿಮೀಟರ್ ಮೇಲೆ, ಮೈಕೂ ಅಷ್ಟೇ ಎತ್ತರದಲ್ಲಿ 60 ಸೆಂಟಿಮೀಟರ್ ದೂರ ಇದೆ ಎಂದುಕೊಳ್ಳಿ. ನೇರ ಬರುವ ದನಿ 60 ಸೆಂಟಿಮೀಟರ್ ನಡೆಯುತ್ತದೆ. ನೆಲಕ್ಕೆ ಬಡಿದು ಬರುವ ದನಿ ಸುಮಾರು 78 ನಡೆಯುತ್ತದೆ. ಆ 18 ಸೆಂಟಿಮೀಟರ್ ವ್ಯತ್ಯಾಸದಿಂದ ಸುಮಾರು 950 ಹರ್ಟ್ಸ್‌ನಲ್ಲಿ ಎರಡೂ ಎದುರುಬದುರಾಗಿ ಒಂದನ್ನೊಂದು ಅಳಿಸುತ್ತವೆ. ಗಿಟಾರಿನ ಮಾತು ಕೇಳುವ ಜಾಗದಲ್ಲೇ ಒಂದು ತೂತು! ಅದರ ಮೇಲೂ ಇಂಥ ತೂತುಗಳ ಸಾಲೇ ಇರುತ್ತದೆ. ಕುರ್ಚಿ ಇಲ್ಲೂ ಕಾಪಾಡುತ್ತದೆ, ನಡುವೆ ದಪ್ಪ ಕಂಬಳಿ ಹಾಸಿದರೆ ಇನ್ನೂ ಒಳ್ಳೆಯದು.

ಎರಡು ಮೈಕ್ ಇಡಲು ಆಸೆಯಾಗುತ್ತದೆ, ಗೊತ್ತು. ನನ್ನ ಮಾತು ಕೇಳಿದರೆ, ಒಂದು ಮೈಕಿನಲ್ಲಿ ಒಳ್ಳೆಯ ದನಿ ತೆಗೆಯಲು ಬರುವವರೆಗೆ ಎರಡನೆಯದು ಬೇಡ. ದನಿ 1 ಮಿಲಿಸೆಕೆಂಡಿನಲ್ಲಿ 34 ಸೆಂಟಿಮೀಟರ್ ನಡೆಯುತ್ತದೆ. ಎರಡು ಮೈಕುಗಳ ನಡುವೆ 5 ಸೆಂಟಿಮೀಟರ್ ಹಿಂದುಮುಂದಾದರೂ 3,400 ಹರ್ಟ್ಸ್ ಹತ್ತಿರ ದನಿ ಅಳಿಸಿಹೋಗುತ್ತದೆ. ಗಿಟಾರಿನ ಹೊಳಪೆಲ್ಲ ಇರುವುದೇ ಅಲ್ಲಿ, ಗಿಟಾರ್ ಸ್ಪೀಕರ್ 5,000 ದಾಟಿದ ಮೇಲೆ ಹೆಚ್ಚೇನೂ ಕೊಡುವುದಿಲ್ಲ. ಇಡಲೇಬೇಕಾದರೆ ಎರಡೂ ಮೈಕಿನ ಡಯಾಫ್ರಂಗಳು ಸ್ಪೀಕರಿನಿಂದ ಒಂದೇ ದೂರದಲ್ಲಿರಲಿ. ಒಂದರ ಪೋಲಾರಿಟಿ (ಅಲೆಯ ಏರು-ಇಳಿವು) ತಿರುಗಿಸಿ, ದನಿ ಅತಿ ತೆಳುವಾಗುವ ಜಾಗ ಹುಡುಕಿ, ಆಮೇಲೆ ಮತ್ತೆ ಸರಿ ಮಾಡಿ. ತೆರೆದ ಬೆನ್ನಿನ ಆಂಪಿನ ಹಿಂದೆ ಮೈಕ್ ಇಟ್ಟಿದ್ದರೆ ಅದರ ಪೋಲಾರಿಟಿ ತಿರುಗಿಸಲೇಬೇಕು. ಕೋನ್ ಮುಂದಕ್ಕೆ ಬಂದಾಗ ಹಿಂದಿನವರಿಗೆ ಅದು ದೂರ ಹೋದ ಹಾಗೆ ತಾನೆ.

ಲೆವೆಲ್ ವಿಷಯ ಬೇಗ ಮುಗಿಸುತ್ತೇನೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಸರಾಸರಿ ಮೈನಸ್ 18 ಡೆಸಿಬೆಲ್ ಸುತ್ತ ಇರಲಿ, ಜೋರಾಗಿ ಮೀಟಿದಾಗಲೂ ಮೈನಸ್ 10 ದಾಟದಿರಲಿ. ಮೀಟರ್ ಕೆಂಪಾಗುವವರೆಗೆ ಏರಿಸುವುದು ಟೇಪ್ ಕಾಲದ ಚಟ, ಈಗ ಅದರಿಂದ ಏನೂ ಸಿಗುವುದಿಲ್ಲ. ಜೊತೆಗೆ ಗಿಟಾರಿನ ಸಿಗ್ನಲನ್ನು ಡಿಐ ಬಾಕ್ಸ್ (ಗಿಟಾರನ್ನು ಆಂಪ್ ಇಲ್ಲದೆ ನೇರ ರೆಕಾರ್ಡರಿಗೆ ಜೋಡಿಸುವ ಪೆಟ್ಟಿಗೆ) ಮೂಲಕ ಇನ್ನೊಂದು ಟ್ರ್ಯಾಕಿಗೆ ನೇರವಾಗಿ ತೆಗೆದಿಟ್ಟುಕೊಳ್ಳಿ. ನುಡಿಸಿದ್ದು ಚೆನ್ನಾಗಿ ಬಂದು ದನಿ ಮಾತ್ರ ಹಿಡಿಸದಿದ್ದರೆ, ಅದನ್ನು ರೀಆಂಪ್ ಬಾಕ್ಸ್ ಮೂಲಕ ಮತ್ತೆ ಆಂಪಿಗೆ ಕಳಿಸಬಹುದು. ನುಡಿಸಿದವರನ್ನು ಮತ್ತೆ ಕರೆಯಬೇಕಾಗಿಲ್ಲ.

ರೆಕಾರ್ಡ್ ಆದದ್ದನ್ನು ಕೇಳುವಾಗ ಒಂದು ಎಚ್ಚರಿಕೆ. ಜೋರಾದ ದನಿಯಲ್ಲಿ ಬೇಸ್ ಮತ್ತು ಟ್ರೆಬಲ್ ಕಿವಿಗೆ ಜಾಸ್ತಿ ಕೇಳುತ್ತವೆ, ಮೆಲುದನಿಯಲ್ಲಿ ಕಡಿಮೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆಂಪ್ ಮುಂದೆ ಕಿವಿ ತುಂಬ ಕೇಳಿ, ಆಮೇಲೆ ಮಾನಿಟರಿನಲ್ಲಿ ಮೆಲ್ಲಗೆ ಹಾಕಿಕೊಂಡು ‘ದನಿ ಸತ್ತಿದೆ’ ಎಂದರೆ ಅದು ಮೈಕಿನ ತಪ್ಪಲ್ಲ. ಹೋಲಿಸಬೇಕಾದರೆ ಎರಡನ್ನೂ ಹೆಚ್ಚು ಕಡಿಮೆ ಒಂದೇ ಗಟ್ಟಿಯಲ್ಲಿ ಹೋಲಿಸಿ.

ಮಿಕ್ಸ್ ಮಾಡುವಾಗ ಒಂದೇ ಟ್ರ್ಯಾಕ್ ಕೇಳಿಸುವ ಸೋಲೋ ಗುಂಡಿಯಿಂದ ಕೈ ದೂರ ಇಡಿ. ಅತಿ ದಪ್ಪದ ಇ (E) ತಂತಿಯ ಸ್ವರ 82 ಹರ್ಟ್ಸ್, ಅದಕ್ಕಿಂತ ಕೆಳಗೆ ಗಿಟಾರಿಗೆ ಹೇಳಲು ಏನೂ ಇಲ್ಲ. 80ರಲ್ಲಿ ಕತ್ತರಿಸಿ, ಬೇಸ್ ಗಿಟಾರ್ ದಪ್ಪಗಿದ್ದರೆ 100ಕ್ಕೂ ಹೋಗಿ. ಬುಡದಲ್ಲಿ ಕೆಸರು ಅನ್ನಿಸಿದರೆ 200-400ರ ನಡುವೆ 2-3 ಡೆಸಿಬೆಲ್ ತೆಗೆಯಿರಿ. ಕಂಪ್ರೆಸರ್ (ಜೋರಾದ ದನಿಯನ್ನು ಒತ್ತಿ ಏರಿಳಿತ ತಗ್ಗಿಸುವುದು) ಬೇಕಾಗುತ್ತದೆ, ಆದರೆ ಆಂಪೇ ಸ್ವಲ್ಪ ಒತ್ತಿರುವುದರಿಂದ ಹಗುರವಾಗಿ ಸಾಕು. ರೇಷಿಯೋ 3ಕ್ಕೆ 1, ಸೂಜಿ 3-4 ಡೆಸಿಬೆಲ್ ಅಲುಗಿದರೆ ಆಯಿತು. ಅಟ್ಯಾಕ್ (ಒತ್ತಲು ಅದು ತೆಗೆದುಕೊಳ್ಳುವ ಸಮಯ) 20-30 ಮಿಲಿಸೆಕೆಂಡ್ ಇಡಿ, ಮೀಟಿದ ಟಣ್ ಎನ್ನುವ ತುದಿ ತಪ್ಪಿಸಿಕೊಂಡು ಹೊರಬರುತ್ತದೆ. ಅದನ್ನೂ ಒತ್ತಿಬಿಟ್ಟರೆ ಕ್ಲೀನ್ ಗಿಟಾರಿನಲ್ಲಿ ಉಳಿಯುವುದು ಏನು?

ಇಷ್ಟು ಜೋರು ಮಾಡಲು ಜಾಗವೇ ಇಲ್ಲ ಎಂದಾದರೆ ಲೋಡ್ ಬಾಕ್ಸ್ ಇದೆ. ಸ್ಪೀಕರಿನ ಜಾಗದಲ್ಲಿ ಅದು ಕೂರುತ್ತದೆ, ಸ್ಪೀಕರ್ ಮತ್ತು ಮೈಕಿನ ಕೆಲಸವನ್ನು ಐಆರ್ (ಒಂದು ಸ್ಪೀಕರ್-ಮೈಕ್ ಜೋಡಿಯ ದನಿಯ ಅಚ್ಚು) ಎಂಬ ಫೈಲ್ ಮಾಡುತ್ತದೆ. ಕ್ಲೀನ್ ದನಿಗೆ ಇದು ಬಹಳ ಚೆನ್ನಾಗಿಯೇ ಹೊಂದುತ್ತದೆ. ಆದರೆ ಸ್ಪೀಕರೂ ಇಲ್ಲದೆ, ಲೋಡೂ ಇಲ್ಲದೆ ಟ್ಯೂಬ್ ಆಂಪನ್ನು ಎಂದಿಗೂ ಓಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಇಂದು ಹೊಸ ತಂತಿ ಹಾಕಿ, ನಾಳೆ ಸಂಜೆಗೆ ಇಷ್ಟು ಮಾಡಿ ಸಾಕು: ನಾರ್ಮಲ್ ಚಾನೆಲ್, ಬೇಸ್ 2, ಮೈಕ್ ಟೇಪಿನ ಗುರುತಿನ ಎದುರು ನಾಲ್ಕು ಬೆರಳು ಹಿಂದೆ, ಆಂಪ್ ಕುರ್ಚಿಯ ಮೇಲೆ. ನಿಮ್ಮ ಆಂಪನ್ನು ನೀವೊಬ್ಬರೇ ಎತ್ತಿ ಇಡಬಹುದು. ಈಗ ಬರುವ ಟ್ವಿನ್ ಸುಮಾರು 29 ಕಿಲೋ ತೂಗುತ್ತದೆ. ಅದಾಗಿದ್ದರೆ ಎತ್ತಲು ಇನ್ನೊಬ್ಬರನ್ನು ಕರೆಯಬೇಕಿತ್ತು, ಕುರ್ಚಿಯೂ ಇನ್ನೂ ಗಟ್ಟಿಯದೇ ಬೇಕಿತ್ತು.